ಅತ್ತೆಯ ಮಂಚಕ್ಕೆ ಕಾರಿನ ಗಾಳಿ

ನಮ್ಮ ಕಾರು ಮಂಡಿಯೂರಿ ಕೂರುತ್ತಿತ್ತು. ಇದು ಅಲಂಕಾರದ ಮಾತಲ್ಲ. ಸಂಜೆ ಮನೆಮುಂದೆ ನಿಲ್ಲಿಸಿದಾಗ ನೆಟ್ಟಗೆ ನಿಂತಿದ್ದ ಕಾರು ಬೆಳಿಗ್ಗೆ ಬಾಗಿಲು ತೆಗೆದು ನೋಡಿದರೆ ಹೊಟ್ಟೆಯನ್ನು ನೆಲಕ್ಕೆ ಆನಿಸಿ, ದಣಿದ ಎಮ್ಮೆಯ ಹಾಗೆ ಮಲಗಿರುತ್ತಿತ್ತು.

ಒಂದು ಕಾಲದಲ್ಲಿ ಯಾರೋ ದೊಡ್ಡ ಯಜಮಾನರನ್ನು ಹೊತ್ತು ತಿರುಗಿದ ಕಾರು ಅದು. ಎಷ್ಟೋ ಕೈ ದಾಟಿ ನನ್ನ ಗಂಡನ ಕೈಗೆ ಬಂದಿತ್ತು. ನನ್ನ ಗಂಡ ಹೈಸ್ಕೂಲಿನಲ್ಲಿ ಭೂಗೋಳದ ಮೇಷ್ಟ್ರು. ಬೀದಿಯವರೂ ಮೇಷ್ಟ್ರು ಅನ್ನುತ್ತಾರೆ, ನಾನೂ ಮೇಷ್ಟ್ರು ಅನ್ನುತ್ತೇನೆ. ಬೇರೆ ಏನೆಂದು ಕರೆದರೂ ಅವರು ತಿರುಗಿ ನೋಡುವುದಿಲ್ಲ. ಆ ಕಾರಿಗೆ ಎಲ್ಲ ಕಾರುಗಳ ಹಾಗೆ ಕಬ್ಬಿಣದ ಸ್ಪ್ರಿಂಗ್ ಇರಲಿಲ್ಲ. ಚಕ್ರಕ್ಕೊಂದರಂತೆ ನಾಲ್ಕು ರಬ್ಬರಿನ ಚೀಲ, ಅವಕ್ಕೆ ಗಾಳಿ ತುಂಬಲು ಎರಡು ಮುಷ್ಟಿ ಗಾತ್ರದ ಒಂದು ಪಂಪು. "ತೇಲಿಕೊಂಡು ಹೋಗುತ್ತೆ ಕಣೇ" ಎಂದಿದ್ದರು ಮೇಷ್ಟ್ರು. ತೇಲುವುದು ಒಂದು ವಾರ ನಡೆಯಿತು. ಆಮೇಲೆ ಮುಳುಗುವುದು ಶುರುವಾಯಿತು.

"ಏನ್ ಮೇಷ್ಟ್ರೇ, ನಿಮ್ಮ ಕಾರು ನನಗೆ ಅಡ್ಡಬೀಳುತ್ತಾ ಇದೆ?" ಎಂದು ಹೆಡ್‌ಮಾಸ್ಟರು ಶಾಲೆಯ ಗೇಟಿನಲ್ಲಿ ಎಲ್ಲರ ಎದುರು ಕೇಳಿದ ದಿನ ಕಾರು ಗ್ಯಾರೇಜಿಗೆ ಹೋಯಿತು.

"ಸಾರ್, ಈ ಗಾಳಿ ಸಂಸಾರ ನಮಗೆ ಬೇಡ" ಎಂದ ಗ್ಯಾರೇಜಿನವನು. "ಕಬ್ಬಿಣ ಹಾಕಿಬಿಡ್ತೀನಿ. ಕುಣಿಯುತ್ತೆ, ಆದ್ರೆ ಕೂರಲ್ಲ."

ಗಾಳಿಯ ಸಾಮಾನನ್ನೆಲ್ಲ ಬಿಚ್ಚಿ ನೆಲದ ಮೇಲೆ ಹರಡಿದ ಮೇಲೆ ತಿಳಿಯಿತು: ಪಂಪೂ ಸರಿಯಿತ್ತು, ಚೀಲಗಳೂ ಸರಿಯಿದ್ದವು. ಸೋರುತ್ತಿದ್ದದ್ದು ಬೆರಳುದ್ದದ ಒಂದು ಕೊಳವೆ. ಅಷ್ಟರಲ್ಲಿ ಕಬ್ಬಿಣ ಕೂತಾಗಿತ್ತು. ಮೇಷ್ಟ್ರು ಪಂಪು, ಚೀಲ, ಕೊಳವೆ, ಎಲ್ಲಕ್ಕೂ ಹುಕುಂ ಕೊಡುವ ಒಂದು ಕಪ್ಪು ಪೆಟ್ಟಿಗೆ, ಎಲ್ಲವನ್ನೂ ಗೋಣಿಚೀಲಕ್ಕೆ ತುಂಬಿ ಮನೆಗೆ ತಂದರು.

"ಪಂಪನ್ನ ಜಾಸ್ತಿ ಹೊತ್ತು ಓಡಿಸಬೇಡಿ ಸಾರ್" ಎಂದು ಗ್ಯಾರೇಜಿನವನು ಹಿಂದಿನಿಂದ ಕೂಗಿದ. "ಅದು ಒಂದು ಉಸಿರಿಗೆ ಓಡೋ ಜಾತಿ. ಬಿಸಿಯಾದ್ರೆ ಎಲ್ಲಿರುತ್ತೋ ಅಲ್ಲೇ ನಿಂತುಬಿಡುತ್ತೆ. ತಣ್ಣಗಾಗೋ ತನಕ ದೇವರೇ ಬಂದು ಹೇಳಿದ್ರೂ ಕೇಳಲ್ಲ."

"ಗಾಳಿ ವಿಚಾರ ನನಗೆ ಹೇಳಬೇಡಪ್ಪ" ಎಂದರು ಮೇಷ್ಟ್ರು. "ನೌಕರಿಗೆ ಸೇರಿದಾಗಿನಿಂದ ನಾನು ಗಾಳಿಯ ಪಾಠಾನೇ ಮಾಡ್ತಿರೋದು."

ಮುಂದಿನ ವಾರ ನಮ್ಮ ಮನೆಯಲ್ಲಿ ಗಾಳಿಯದೇ ದರ್ಬಾರು. ಫ್ಯಾನಿನ ಧೂಳು ಹೊಡೆಯುತ್ತೇನೆಂದು ಗಾಳಿ ಬಿಟ್ಟರು. ಧೂಳು ಫ್ಯಾನು ಬಿಟ್ಟು ಊಟದ ತಟ್ಟೆಗಳಿಗೆ ಬಂತು. ಸಿಂಕು ಕಟ್ಟಿಕೊಂಡಿದ್ದಕ್ಕೆ ಅದರ ಬಾಯಿಗೆ ಗಾಳಿ ಬಿಟ್ಟರು. ಸಿಂಕಿನಲ್ಲಿದ್ದದ್ದೆಲ್ಲ ಬಚ್ಚಲುಮನೆಯ ಗೋಡೆಯ ಮೇಲೆ ಪ್ರತ್ಯಕ್ಷವಾಯಿತು. "ನೋಡಿದ್ಯಾ, ಹೆಚ್ಚು ಒತ್ತಡದಿಂದ ಕಡಿಮೆ ಒತ್ತಡದ ಕಡೆಗೆ" ಎಂದರು, ಮುಖ ಒರೆಸಿಕೊಳ್ಳುತ್ತ. ಹೆಚ್ಚಿನ ಒತ್ತಡ ಮನೆಯಲ್ಲಿ ಯಾರ ಮೇಲಿದೆ ಎಂದು ನಾನು ಹೇಳಲಿಲ್ಲ. ಗೋಡೆ ತೊಳೆದೆ.

ಈಗ ಅತ್ತೆಯ ವಿಚಾರಕ್ಕೆ ಬರಬೇಕು. ನಾನು ಬರದಿದ್ದರೆ ಅವರೇ ಬರುತ್ತಾರೆ.

ಅತ್ತೆ ಎತ್ತರದ ಹೆಂಗಸು. ಜೀವಮಾನವೆಲ್ಲ ಹೊಲಿಗೆ ಕಲಿಸಿದವರು. ಯಾರೇ ಎದುರು ಬರಲಿ, ಮುಖಕ್ಕಿಂತ ಮೊದಲು ತೋಳಿನ ಹೊಲಿಗೆ ನೋಡುತ್ತಾರೆ. ಕಣ್ಣು ಸರಿ, ಕಿವಿ ಸರಿ, ನಾಲಿಗೆ ಇಂದಿಗೂ ಕತ್ತರಿ. ಕೈಕೊಟ್ಟದ್ದು ಮಂಡಿ ಮಾತ್ರ. ಒಮ್ಮೆ ನಿಂತರೆ ಕೋಲು ಹಿಡಿದು ಬೀದಿಯ ತುದಿಯವರೆಗೆ ಹೋಗಿ ಇಬ್ಬರಿಗೆ ಬುದ್ಧಿ ಹೇಳಿ ಬರುತ್ತಾರೆ. ಆದರೆ ಕೂತಲ್ಲಿಂದ ಏಳುವ ಆ ಒಂದು ಗೇಣು ಮಾತ್ರ ಅವರ ಕೈಯಲ್ಲಿರಲಿಲ್ಲ. ಮಂಚ ಎತ್ತರಿಸಿದರೆ ಹತ್ತಲಾಗದು, ತಗ್ಗಿಸಿದರೆ ಏಳಲಾಗದು. ಹಾಗಾಗಿ ದಿನಾ ಬೆಳಿಗ್ಗೆ ಮೇಷ್ಟ್ರು ಒಂದು ಕಂಕುಳು, ನಾನು ಒಂದು ಕಂಕುಳು ಹಿಡಿದು "ಒಂದು, ಎರಡು, ಎತ್ತು!" ಎನ್ನುತ್ತಿದ್ದೆವು. ದಿನಾ ಬೆಳಿಗ್ಗೆ ಅವರು ಕೇಳುತ್ತಿದ್ದರು:

"ನಾನೇನು ಗೋಣಿಚೀಲಾನಾ?"

ಮೇಷ್ಟ್ರ ಅಕ್ಕ ಒಂದು ಬೆಳಿಗ್ಗೆ ಈ ಎತ್ತಾಟದ ಹೊತ್ತಿಗೇ ಬಂದರು. ಅಕ್ಕ ತಂದೆಯ ಅಳತೆ, ಗಿಡ್ಡ. ಆದರೆ ಮಾತು ಯಾವಾಗಲೂ ಮಹಡಿಯ ಮೇಲಿನಿಂದಲೇ. ಅಕ್ಕ ಎಲ್ಲೂ ಸಲಹೆ ಕೊಡುವುದಿಲ್ಲ, ತೀರ್ಪು ಕೊಡುತ್ತಾರೆ.

"ಅಮ್ಮನಿಗೆ ಒಂದು ಜಾಗ ನೋಡಿದ್ದೀನಿ. ವಯಸ್ಸಾದೋರ ಆರೈಕೆ ಮನೆ. ತಾವಾಗಿ ಏಳೋಕಾಗದೋರನ್ನ ಮಾತ್ರ ತಗೋತಾರೆ. ಒಂದೇ ಜಾಗ ಖಾಲಿ ಇರೋದು. ಭಾನುವಾರ ಅಲ್ಲಿನ ಮೇಡಂ ಬಂದು ನೋಡ್ತಾರೆ."

"ಬಂದು ನೋಡೋಕೆ ನಾನೇನು ಬಾಡಿಗೆ ಮನೆಯಾ?" ಎಂದರು ಅತ್ತೆ. "ನಾನು ಇಲ್ಲಿಂದ ಕದಲಲ್ಲ."

"ಅದೇ ಅಮ್ಮ ನಾನೂ ಹೇಳ್ತಿರೋದು. ಕದಲೋಕೆ ನಿನ್ನಿಂದ ಆಗಲ್ಲ. ಎಲ್ಲಿ, ನೀನಾಗಿ ಒಂದ್ಸಲ ಎದ್ದು ನಿಲ್ಲು. ನಿಂತರೆ ಈ ಮಾತು ಇಲ್ಲಿಗೇ ಬಿಟ್ಟೆ."

ಅತ್ತೆ ಮತ್ತೆ ಮಂಚದ ಮೇಲೆ ಕೂತರು. ಎರಡೂ ಕೈ ಅಂಚಿಗೆ ಊರಿದರು. ಕತ್ತಿನ ನರ ಉಬ್ಬಿತು. ಮಂಚ ಕಿರುಗುಟ್ಟಿತು. ಅತ್ತೆ ಏಳಲಿಲ್ಲ.

"ಭಾನುವಾರ ಏಳ್ತೀನಿ" ಎಂದರು.

"ಯಾಕೆ, ಭಾನುವಾರ ನಿನ್ನ ಮಂಡಿನೋವಿಗೆ ರಜಾನಾ?" ಎಂದು ಅಕ್ಕ ನನ್ನ ಕಡೆ ತಿರುಗಿ ದನಿ ಇಳಿಸಿದರು. "ನಿನಗೂ ಇನ್ನು ಸ್ವಲ್ಪ ಉಸಿರಾಡೋಕೆ ಆಗುತ್ತೆ ಬಿಡಮ್ಮ."

ಅತ್ತೆ ಹೋದರೆ ಸೊಸೆಗೆ ಹಬ್ಬ ಎಂದು ಜನ ಯಾಕೆ ಅಂದುಕೊಳ್ಳುತ್ತಾರೋ. ನಮ್ಮಿಬ್ಬರಿಗೂ ದಿನಾ ಜಗಳ, ನಿಜ. ಆದರೆ ಜಗಳಕ್ಕೆ ಮೇಷ್ಟ್ರು ಕೆಲಸಕ್ಕೆ ಬರುವವರಲ್ಲ. ಬೈದರೆ "ಹೌದಲ್ವಾ" ಎಂದುಬಿಡುತ್ತಾರೆ. ಸರಿಸಮ ನಿಂತು ಮಾತಿಗೆ ಮಾತು ಕೊಡುವವರು ಈ ಮನೆಯಲ್ಲಿ ಒಬ್ಬರೇ. ಅವರನ್ನೂ ಕಳಿಸಿಕೊಟ್ಟು ನಾನು ಬಚ್ಚಲುಮನೆಯ ಗೋಡೆಯ ಜೊತೆ ಜಗಳ ಆಡಲೇ?

"ನನ್ನ ಉಸಿರು ನಾನು ನೋಡ್ಕೋತೀನಿ ಅಕ್ಕ" ಎಂದೆ.

ಈಗ ಮೂವರೂ ಮೇಷ್ಟ್ರ ಮುಖ ನೋಡಿದೆವು. "ಅಕ್ಕ ಹೇಳೋದ್ರಲ್ಲೂ..." ಎಂದು ಶುರುಮಾಡಿ, ತಾಯಿಯ ಕಣ್ಣು ನೋಡಿ "ಅಮ್ಮ ಹೇಳೋದ್ರಲ್ಲೂ..." ಎಂದು ತಿರುಗಿಸಿ, ನನ್ನ ಕಣ್ಣು ನೋಡಿದ ಮೇಲೆ ಎರಡನ್ನೂ ಅಲ್ಲೇ ಬಿಟ್ಟು ಹಿತ್ತಲಿಗೆ ಹೋದರು. ಅಕ್ಕನ ಎದುರು ಅವರು ಹುಟ್ಟಿದಾರಭ್ಯ ಒಂದು ವಾಕ್ಯವನ್ನೂ ಪೂರ್ತಿ ಮಾಡಿದವರಲ್ಲ. ಆದರೆ ಆ ದಿನ ಹಿತ್ತಲಿನಲ್ಲಿ ಗೋಣಿಚೀಲ ಬಿಚ್ಚುವ ಸದ್ದು ಕೇಳಿಸಿತು.

ಮಂಚದ ನಾಲ್ಕು ಕಾಲಿನ ಕೆಳಗೆ ನಾಲ್ಕು ಚೀಲ ಬಂದವು. ಕಿಟಕಿಯಾಚೆ ಜಗುಲಿಯ ಮೇಲೆ ಪಂಪು, ಪಕ್ಕದಲ್ಲಿ ಕಾರಿನ ಬ್ಯಾಟರಿ. ಕಿಟಕಿಯಿಂದ ಮಂಚಕ್ಕೆ ಕಪ್ಪು ಕೊಳವೆಗಳು, ಸೋರುತ್ತಿದ್ದ ತುಂಡಿಗೆ ಬದಲಾಗಿ ಹೊಸದು. ಆ ಹುಕುಂ ಪೆಟ್ಟಿಗೆಯನ್ನೂ ತಲೆದಿಂಬಿನ ಹಿಂದೆ ಕೂರಿಸಿದರು. ಅದರ ಮೈ ಬದಲಾಯಿತೇ ಹೊರತು ಬುದ್ಧಿ ಬದಲಾಗಲಿಲ್ಲ. ಪಾಪ, ಅದು ತಾನಿನ್ನೂ ಕಾರಿನಲ್ಲೇ ಇದ್ದೇನೆ ಅಂದುಕೊಂಡಿತ್ತು.

ಅದು ಗೊತ್ತಾದದ್ದು ನಾನು ಟೀ ಹಿಡಿದು ಅತ್ತೆಯ ಕಾಲ ಬಳಿ ಕೂತಾಗ. ನನ್ನ ಭಾರಕ್ಕೆ ಮಂಚದ ಆ ಮೂಲೆ ಕುಸಿಯಿತು. ಹೊರಗಡೆ ಪಂಪು "ಗುರ್ರ್‌ರ್" ಎಂದಿತು. ಮೂಲೆ ಮೆಲ್ಲಗೆ ಮೇಲೆದ್ದು ಸಮನಾಯಿತು. ನಾನು ಹೆದರಿ ಎದ್ದೆ. "ಪಿಸ್ಸ್" ಎಂದು ಗಾಳಿ ಬಿಟ್ಟು ಮೂಲೆ ಇಳಿಯಿತು.

"ಇದೇನೋ ಇದು, ನಿನ್ನ ಹೆಂಡತಿ ಕೂತ ಕಡೆ ಎತ್ತುತ್ತೆ?"

"ಎಲ್ಲಿ ಭಾರ ಬಿತ್ತೋ ಅಲ್ಲಿ ಎತ್ತಿ ಸಮ ಮಾಡುತ್ತಮ್ಮ. ಅದರ ಗುಣ."

"ಸರಿ ಬಿಡು. ಈ ಮನೇಲಿ ಭಾರ ಹೊತ್ತವಳನ್ನ ಎತ್ತಿದ್ದು ಇದೊಂದೇ" ಎಂದರು ಅತ್ತೆ, ನನ್ನ ಕಡೆ ನೋಡದೆ. ನಾನೂ ಅವರ ಕಡೆ ನೋಡಲಿಲ್ಲ. ನೋಡಿದ್ದರೆ ಅಂದಿನ ಜಗಳ ತಪ್ಪಿಹೋಗುತ್ತಿತ್ತು.

ಮೇಷ್ಟ್ರು ಅತ್ತೆಯ ಕೈಗೆ ಒಂದು ಸ್ವಿಚ್ಚು ಕೊಟ್ಟರು. ಅದರ ಮೇಲೊಂದು ಪುಟ್ಟ ಕಾರಿನ ಚಿತ್ರ, ಮೇಲ್ಮುಖದ ಬಾಣ. "ಇದು ಕೆಟ್ಟ ರಸ್ತೆ ಬಂದಾಗ ಒತ್ತೋದಮ್ಮ. ಕಾರು ಎತ್ತರ ಆಗುತ್ತೆ. ಎಲ್ಲಾ ರಸ್ತೆಗೂ ಒತ್ತಬಾರದು."

"ನನಗೆ ಯಾವ ರಸ್ತೆ ಚೆನ್ನಾಗಿತ್ತೋ?" ಎಂದು ಅತ್ತೆ ಒತ್ತಿದರು.

ಗುರ್ರ್‌ರ್‌ರ್. ಮಂಚ ಏಳತೊಡಗಿತು. ಅಂಚಿನಲ್ಲಿ ಕೂತಿದ್ದ ಅತ್ತೆಯ ಮಂಡಿಗಳು ಮೆಲ್ಲಗೆ ಬಿಚ್ಚಿಕೊಂಡವು. ಒಂದು ಗೇಣು. ಅಂಗಾಲು ನೆಲದ ಮೇಲೆ, ಕೋಲು ಕೈಯಲ್ಲಿ. ಅತ್ತೆ ನಿಂತಿದ್ದರು. ಯಾರೂ ಎತ್ತಿರಲಿಲ್ಲ. ಮೇಷ್ಟ್ರು ಎರಡೂ ಕೈ ಚಾಚಿಕೊಂಡು ನಿಂತೇ ಇದ್ದರು, ಹಿಡಿಯಲು ಏನೂ ಉಳಿದಿರಲಿಲ್ಲ.

"ಇನ್ನೊಂದ್ಸಲ" ಎಂದರು ಅತ್ತೆ.

ಪಂಪು ಬಿಸಿಯಾಗಿ ಅರ್ಧದಲ್ಲೇ ಮುಷ್ಕರ ಹೂಡುವವರೆಗೆ ಎದ್ದರು, ಕೂತರು, ಎದ್ದರು. ಆಮೇಲೆ ನಮ್ಮಿಬ್ಬರಿಗೂ ಆಜ್ಞೆಯಾಯಿತು: "ಭಾನುವಾರದ ತನಕ ಒಂದು ನರಪಿಳ್ಳೆಗೂ ಗೊತ್ತಾಗಕೂಡದು. ಮೊದಲೇ ತಿಳಿದ್ರೆ ನನ್ನ ಮಗಳು ಬಂದು ಸ್ವಿಚ್ಚು ಕಿತ್ತುಕೊಳ್ತಾಳೆ."

ಗುಟ್ಟು ಕಾಯಲು ಮೇಷ್ಟ್ರಷ್ಟು ಅಯೋಗ್ಯರು ಇಲ್ಲ. ಅವರಿಗೆ ಸುಳ್ಳು ಬರುವುದಿಲ್ಲ, ನಿಜ ಹೇಳುವ ಹಾಗಿರಲಿಲ್ಲ. ನಮ್ಮ ಕಿಟಕಿಗೆ ಎದುರಾಗಿ ಇನ್ನೊಂದು ಕಿಟಕಿ ಇದೆ. ಅದರಲ್ಲಿ ಸದಾ ಒಬ್ಬರು ಇರುತ್ತಾರೆ. ಬೀದಿಯಲ್ಲಿ ಅವರಿಗೆ ಕಿಟಕಿ ಆಂಟಿ ಎಂದೇ ಹೆಸರು. ಅವರಿಗೆ ಕಪ್ಪು ಕೊಳವೆಗಳು ಕಂಡವು. ಹೊತ್ತು ಹೊತ್ತಿಗೆ "ಗುರ್ರ್", ಆಮೇಲೆ "ಪಿಸ್ಸ್" ಕೇಳಿಸಿತು. ಮೇಷ್ಟ್ರನ್ನು ಬೀದಿಯಲ್ಲೇ ತಡೆದು ಕೇಳಿದರು: "ಮೇಷ್ಟ್ರೇ, ಅಮ್ಮ ಹೇಗಿದ್ದಾರೆ? ನಿಜ ಹೇಳಿ."

ಮೇಷ್ಟ್ರು ಆಕಾಶ ನೋಡಿದರು. ಚಪ್ಪಲಿ ನೋಡಿದರು. "ಏನೂ ಇಲ್ಲ. ಎಲ್ಲಾ ಚೆನ್ನಾಗಿದೆ" ಎಂದವರು, "ಭಾನುವಾರ ಎಲ್ಲರಿಗೂ ತಿಳಿಯುತ್ತೆ" ಎಂದು ಓಡಿಬಂದರು.

ಸಂಜೆಯ ಹೊತ್ತಿಗೆ ಬೀದಿಗೆಲ್ಲ ತಿಳಿಯಿತು: ಮೇಷ್ಟ್ರ ತಾಯಿಯನ್ನು ಉಸಿರಾಟದ ಮಿಷನ್ನಿಗೆ ಹಾಕಿದ್ದಾರೆ, ಭಾನುವಾರ ತೆಗೆಯುತ್ತಾರೆ.

ಮರುದಿನ ಶಾಲೆಯಲ್ಲಿ ಹೆಡ್‌ಮಾಸ್ಟರು ಮೇಷ್ಟ್ರಿಗೆ ಕೇಳದೆಯೇ ರಜೆ ಕೊಟ್ಟರು. ಕೊಟ್ಟ ರಜೆ ಬೇಡವೆಂದರೆ ಅನುಮಾನ ಬರುತ್ತದೆಂದು ಮೇಷ್ಟ್ರು ತೆಗೆದುಕೊಂಡರು. ಇದರಿಂದ ಅನುಮಾನ ಹೋಗಿ ನಂಬಿಕೆಯೇ ಬಂತು. ಕಿಟಕಿ ಆಂಟಿ ಕರೆಂಟ್ ಆಫೀಸಿಗೆ ಫೋನು ಮಾಡಿದರು. ಏಣಿ ಹೊತ್ತ ಲೈನ್‌ಮನ್ ನಮ್ಮ ಬಾಗಿಲಿಗೆ ಬಂದು ತಲೆಯ ಟೋಪಿ ತೆಗೆದು ಹೇಳಿದ: "ಅಮ್ಮಾವ್ರೇ, ನಿಮ್ಮ ಅತ್ತೆಯವರ ವಿಷಯ ಸಾಹೇಬ್ರಿಗೆ ಗೊತ್ತಾಗಿದೆ. ಭಾನುವಾರದ ತನಕ ಈ ಬೀದೀಲಿ ಕರೆಂಟು ತೆಗೆಯೋದಿಲ್ಲ."

ದಿನಾ ಮಧ್ಯಾಹ್ನ ಕರೆಂಟು ಹೋಗುತ್ತಿದ್ದ ಬೀದಿ ನಮ್ಮದು. ಅಲ್ಲಿಯವರೆಗೆ ನಂಬದಿದ್ದ ನಾಲ್ಕಾರು ಮನೆಯವರೂ ಅಂದಿನಿಂದ ಗಟ್ಟಿಯಾಗಿ ನಂಬಿದರು. ಒಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಭಾನುವಾರಾನೇ ಯಾಕಮ್ಮ, ಇನ್ನೊಂದು ಹದಿನೈದು ದಿನ ಇರಲಿ ಬಿಡಿ" ಎಂದರು.

ಒಳಗೆ ಅತ್ತೆ ದಿಂಬಿಗೆ ಒರಗಿ ಎಲ್ಲ ಕೇಳಿಸಿಕೊಳ್ಳುತ್ತಿದ್ದರು. "ಸತ್ತಮೇಲೆ ಯಾರ್ಯಾರು ಅಳ್ತಾರೆ ಅಂತ ಬದುಕಿದ್ದಾಗಲೇ ನೋಡೋ ಪುಣ್ಯ ಎಷ್ಟು ಜನಕ್ಕಿದೆ? ಆ ಮೂಲೆ ಮನೆಯವಳು ಬಂದಿಲ್ಲ ನೋಡು. ನಾನೇ ಅವಳಿಗೆ ಗುಂಡಿ ಹೊಲಿಯೋದು ಕಲಿಸಿದ್ದು!"

ಭಾನುವಾರ ಬಂತು. ಅಕ್ಕನಿಗಿಂತ ಮುಂಚೆ ನೆಂಟರು ಬಂದರು. ನೆಂಟರಿಗಿಂತ ಮುಂಚೆ ಕಿಟಕಿ ಆಂಟಿ ಬಂದರು. ಹೆಡ್‌ಮಾಸ್ಟರು ಹೂ ಹಿಡಿದು ಬಂದು, ಕೊಡುವುದು ಯಾರಿಗೆಂದು ತಿಳಿಯದೆ ನನಗೇ ಕೊಟ್ಟರು. ಕೋಣೆಯಲ್ಲಿ ಎರಡೇ ಕುರ್ಚಿ. ಉಳಿದವರು ಎಲ್ಲಿ ಕೂರಬೇಕು? ಮಂಚದ ಮೇಲೆ.

ಹೆಡ್‌ಮಾಸ್ಟರು ಕಾಲ ಕಡೆ ಕೂತರು. ಗುರ್ರ್. ಕಿಟಕಿ ಆಂಟಿ ಇನ್ನೊಂದು ಮೂಲೆಗೆ ಕೂತರು. ಗುರ್ರ್‌ರ್.

"ಅಯ್ಯೋ, ಉಸಿರು ಎಳೀತಿದ್ದಾರೆ!" ಎಂದು ಆಂಟಿ ಎದ್ದು ನಿಂತರು. ಅವರನ್ನು ನೋಡಿ ಎಲ್ಲರೂ ಎದ್ದರು. ಪಿಸ್ಸ್‌ಸ್.

"ಬಿಟ್ಟರು!"

ಎಲ್ಲರೂ ಕುಸಿದು ಕೂತು ಅತ್ತೆಯ ಕಾಲು ಹಿಡಿದುಕೊಂಡರು. ಗುರ್ರ್‌ರ್‌ರ್.

"ಇಲ್ಲ ಇಲ್ಲ, ಮತ್ತೆ ಎಳೆದರು!"

ಗಾಬರಿಯಲ್ಲಿ ಮತ್ತೆ ಎದ್ದರು. ಪಿಸ್ಸ್. ಹೀಗೆ ಜನ ಎದ್ದು ಕೂರುತ್ತಿದ್ದ ಹಾಗೆ ಅತ್ತೆ ಎಷ್ಟು ಸಲ ಸತ್ತು ಬದುಕಿದರೋ ನಾನು ಲೆಕ್ಕ ಇಡಲಿಲ್ಲ. ಅತ್ತೆ ಕಣ್ಣು ಮುಚ್ಚಿಕೊಂಡಿದ್ದರು. ತುಟಿ ನಡುಗುತ್ತಿತ್ತು. ನೋಡಿದವರು ಸಂಕಟ ಅಂದುಕೊಂಡರು. ಅವರು ನಗು ತಡೆಯುತ್ತಿದ್ದರು.

ನಮ್ಮ ಮೂವರಲ್ಲಿ ನಗು ಬಾರದಿದ್ದವರು ಮೇಷ್ಟ್ರು ಒಬ್ಬರೇ. ಕಿಟಕಿಯಾಚೆಯಿಂದ ನನ್ನನ್ನು ಕರೆದರು. ಮುಖ ಬಿಳುಚಿತ್ತು. "ಪಂಪು ಮುಟ್ಟೋಕಾಗ್ತಿಲ್ಲ ಕಣೇ. ಕಾದು ಕೆಂಡ ಆಗಿದೆ. ಇವರು ಹೀಗೇ ಎದ್ದೂ ಕೂತೂ ಮಾಡಿದ್ರೆ ಅಮ್ಮ ಒತ್ತೋ ಹೊತ್ತಿಗೆ ನಿಂತುಬಿಡುತ್ತೆ."

ಭೂಪಟದ ದೊಡ್ಡ ಪುಸ್ತಕ ತಂದು ಅದಕ್ಕೆ ಗಾಳಿ ಬೀಸತೊಡಗಿದರು. ಏಳು ಖಂಡಗಳೂ ಐದು ಸಾಗರಗಳೂ ಸೇರಿ ಬೀಸಿದ ಗಾಳಿ. ಗಾಳಿ ಹೊಡೆಯುವ ಯಂತ್ರಕ್ಕೇ ಗಾಳಿ ಹಾಕಿದ ಭೂಗೋಳದ ಮೇಷ್ಟ್ರು ಬೇರೆ ಯಾರೂ ಇರಲಾರರು.

ಅಷ್ಟರಲ್ಲಿ ಅಕ್ಕ ಬಂದರು. ಜೊತೆಗೆ ಆರೈಕೆ ಮನೆಯ ಮೇಡಂ. ದಪ್ಪ ಕನ್ನಡಕ, ಕಡಿಮೆ ಮಾತು. ಜನ, ಹೂವು, ಅಳು ನೋಡಿ ಅಕ್ಕನ ಮುಖ ನಿಜವಾಗಿಯೂ ಕಂಗೆಟ್ಟಿತು. ಚಪ್ಪಲಿ ಕೂಡ ಬಿಡದೆ ಓಡಿಬಂದು ಮಂಚ ಹತ್ತಿ, ಅತ್ತೆಯ ಪಕ್ಕದಲ್ಲಿ ಪೂರ್ತಿ ಒಳಗೆ ಸರಿದು ಕೂತು ಅವರ ತೋಳು ಹಿಡಿದುಕೊಂಡರು. "ಅಮ್ಮಾ! ನನಗ್ಯಾಕೆ ಯಾರೂ ಹೇಳಲಿಲ್ಲ?"

ಪಂಪು ಗುರ್ರ್ ಎಂದಿತು, ಈ ಸಲ ಗಂಟಲು ಒಣಗಿದವರ ಹಾಗೆ.

"ಇವರ ಸ್ಥಿತಿ ನೀವು ಹೇಳಿದ್ದಕ್ಕಿಂತ ಬೇರೆ ಇದೆ" ಎಂದರು ಮೇಡಂ. "ಇವರು ತಾವಾಗಿ ಏಳಲ್ಲ, ಅಲ್ವಾ?"

"ಎಲ್ಲಿಂದ ಏಳ್ತಾರೆ ಮೇಡಂ! ಅಲ್ಲಾಡೋಕೂ ಆಗಲ್ಲ!"

ಅತ್ತೆ ಕಣ್ಣು ತೆಗೆದರು. ದಿಂಬು ಬಿಟ್ಟು ಅಂಚಿಗೆ ಸರಿದು ಕೂತು ಕಾಲು ಕೆಳಗೆ ಬಿಟ್ಟರು.

"ತೋಳು ಬಿಡೇ" ಎಂದರು ಮಗಳಿಗೆ.

"ಬೇಡಮ್ಮ, ಬಿದ್ದುಬಿಡ್ತೀಯ, ನಿನ್ನಿಂದ ಆಗಲ್ಲ..."

"ಬಿಡು ಅಂದೆ. ಕೆಟ್ಟ ರಸ್ತೆ ಬಂದಿದೆ."

ಒತ್ತಿದರು. ಒಂದು ಕ್ಷಣ ಏನೂ ಆಗಲಿಲ್ಲ. ಕಿಟಕಿಯಾಚೆ ಭೂಪಟದ ಸದ್ದು ಮಾತ್ರ. ನಾನು ಕೈಯಲ್ಲಿದ್ದ ಹೂವನ್ನು ಹಿಸುಕಿಬಿಟ್ಟೆ. ಆಮೇಲೆ ಪಂಪು ನರಳಿತು. ಮಂಚ ನಡುಗಿ ಮೇಲೇಳತೊಡಗಿತು. ಕೂತಿದ್ದ ಹೆಡ್‌ಮಾಸ್ಟರು "ಮೇಷ್ಟ್ರೇ!" ಎಂದು ಕೂಗಿ ನೆಲಕ್ಕೆ ಹಾರಿದರು. ಕಿಟಕಿ ಆಂಟಿ ಇಳಿದವರು ಸೀದಾ ತಮ್ಮ ಕಿಟಕಿಗೇ ಹೋಗಿ ನಿಂತರು. ಅಲ್ಲಿಂದ ಚೆನ್ನಾಗಿ ಕಾಣುತ್ತದೆ. ಅಷ್ಟು ಭಾರ ಇಳಿದ ಮೇಲೆ ಮಂಚಕ್ಕೆ ಹುಮ್ಮಸ್ಸು ಬಂತು. ಅತ್ತೆಯ ಮಂಡಿ ಬಿಚ್ಚಿಕೊಂಡಿತು. ಅಂಗಾಲು ನೆಲಕ್ಕೊತ್ತಿತು. ಕೋಲು ಟಕ್ ಎಂದಿತು.

ಅತ್ತೆ ನಿಂತರು. ಎರಡು ಹೆಜ್ಜೆ ನಡೆದು ಮೇಡಂ ಎದುರು ನಿಂತು, ಅಭ್ಯಾಸಬಲದಿಂದ ಅವರ ತೋಳಿನ ಹೊಲಿಗೆ ನೋಡಿದರು.

"ಇದು ಮಿಷನ್ನು ಎಬ್ಬಿಸಿದ್ದು!" ಎಂದು ಅಕ್ಕ ಮಂಚದ ಮೇಲಿನಿಂದ ಕೂಗಿದರು. "ಮೇಡಂ, ಇದು ಲೆಕ್ಕಕ್ಕಿಲ್ಲ!"

"ಹೌದಾ? ಮೇಡಂ ಕನ್ನಡಕ ಹಾಕ್ಕೊಂಡು ನನ್ನ ನೋಡ್ತಿದ್ದಾರೆ. ಅದು ನೋಟ ಅಲ್ವಾ?" ಎಂದರು ಅತ್ತೆ.

ಮೇಡಂ ಕನ್ನಡಕ ಸರಿಮಾಡಿಕೊಂಡರು. "ನೋಟವೇ" ಎಂದರು. "ಎದ್ದಿದ್ದೂ ಎದ್ದಿದ್ದೇ."

ಆಗ ಹೊರಗೆ "ಟಕ್" ಎಂದು ಸದ್ದಾಯಿತು. ಪಂಪು ನಿಂತಿತ್ತು. ಅತ್ತೆಯ ಭಾರವೂ ಇಳಿದದ್ದರಿಂದ ಮಂಚ ತನ್ನ ಪೂರ್ತಿ ಎತ್ತರಕ್ಕೆ ಹೋಗಿ ಅಲ್ಲಿಯೇ ಬಿಗಿದುಕೊಂಡಿತ್ತು. ಅದರ ನಡುಮಧ್ಯೆ ಅಕ್ಕ. ಅಂಚಿಗೆ ತೆವಳಿ ಬಂದು ಕಾಲು ಇಳಿಬಿಟ್ಟರು. ಕಾಲು ನೆಲಕ್ಕೆ ಮುಟ್ಟಲಿಲ್ಲ. ಗಾಳಿಯಲ್ಲಿ ಹುಡುಕಿದರು, ನೆಲ ಸಿಗಲಿಲ್ಲ.

"ಇಳಿಸೋ ನನ್ನ!"

ಮೇಷ್ಟ್ರು ಭೂಪಟ ಹಿಡಿದು ಬಾಗಿಲಿಗೆ ಬಂದರು. ಬೆವರಿನಿಂದ ತೊಯ್ದಿದ್ದರು. ಅಕ್ಕನನ್ನು ನೋಡಿದರು, ತಾಯಿಯನ್ನು ನೋಡಿದರು. ಮತ್ತೆ ಅಕ್ಕನನ್ನು ನೋಡಿ, ಜೀವನದಲ್ಲಿ ಮೊದಲ ಸಲ ಅವರೆದುರು ಒಂದು ವಾಕ್ಯವನ್ನು ಕೊನೆ ಮುಟ್ಟಿಸಿದರು.

"ಬಿಸಿ ಆಗಿದೆ ಅಕ್ಕ, ತಣ್ಣಗಾಗೋ ತನಕ ಯಾರು ಹೇಳಿದ್ರೂ ಅದು ಇಳಿಯಲ್ಲ, ಮತ್ತೆ ಅಮ್ಮ ಎಲ್ಲಿಗೂ ಬರಲ್ಲ."

ಒಂದಲ್ಲ, ಎರಡು ವಾಕ್ಯ.

"ನನಗೂ ಮಂಡಿ ಸರಿಯಿಲ್ಲ ಕಣೋ! ಹಾರೋಕೆ ಆಗಲ್ಲ!"

"ತಾವಾಗಿ ಇಳಿಯೋಕೆ ಆಗಲ್ವಾ?" ಎಂದು ಮೇಡಂ ಆಸಕ್ತಿಯಿಂದ ಮುಂದೆ ಬಂದರು. "ನಮ್ಮಲ್ಲಿ ಆ ಒಂದು ಜಾಗ ಇನ್ನೂ ಖಾಲಿ ಇದೆ."

ಹೆಡ್‌ಮಾಸ್ಟರು ಗೋಡೆಯ ಕಡೆ ತಿರುಗಿ ಕೆಮ್ಮಿದರು. ಅತ್ತೆ ನಗಲಿಲ್ಲ. ಕೋಲು ಊರಿಕೊಂಡು ಮಗಳ ಎದುರು ಹೋಗಿ ನಿಂತರು. ಅಳತೆ ತೆಗೆಯುವವರ ಹಾಗೆ ಸ್ವಲ್ಪ ಹೊತ್ತು ನೋಡಿ, ನಮ್ಮಿಬ್ಬರಿಗೂ ತಲೆಯಾಡಿಸಿದರು.

ನಮಗೆ ರೂಢಿಯಿದ್ದ ಕೆಲಸ. ಮೇಷ್ಟ್ರು ಒಂದು ಕಂಕುಳು, ನಾನು ಒಂದು ಕಂಕುಳು.

"ಒಂದು, ಎರಡು, ಎತ್ತು!"

"ಮೆಲ್ಲಗೆ! ನೋವಾಗುತ್ತೆ! ಥೂ, ನಾನೇನು ಗೋಣಿಚೀಲಾನಾ?"

ಆಡಿದ ಮೇಲೆ ಆ ಮಾತು ಯಾರದ್ದೆಂದು ಅಕ್ಕನಿಗೇ ಗೊತ್ತಾಯಿತು. ನೆಲಕ್ಕೆ ಇಳಿಸಿದ ಮೇಲೂ ಬಟ್ಟೆ ಸರಿಮಾಡಿಕೊಳ್ಳುತ್ತ ತಲೆ ಎತ್ತಲಿಲ್ಲ.

"ದಿನಾ ಬೆಳಿಗ್ಗೆ, ಕಣೇ" ಎಂದರು ಅತ್ತೆ ಮೆಲ್ಲಗೆ. ಅಷ್ಟೇ. ಆಮೇಲೆ ಕೋಲು ಟಕ್ಕಟಕ್ಕೆನ್ನಿಸುತ್ತ ಅಡುಗೆಮನೆಯ ಕಡೆ ನಡೆದರು. ಬಾಗಿಲಲ್ಲಿ ನಿಂತು, ಅಲ್ಲಿಂದಲೇ ನನ್ನನ್ನು ಕೂಗಿದರು:

"ಇಷ್ಟು ಜನಕ್ಕೆ ಟೀಗೆ ಇಟ್ಟ ನೀರು ಇಷ್ಟೇನಾ? ಇಷ್ಟು ವರ್ಷ ಆದ್ರೂ ಅಳತೆ ಬರಲಿಲ್ಲವಲ್ಲೇ ನಿನಗೆ!"

"ಅಳತೆ ಬರೋರು ಬಂದು ಇಟ್ಟುಕೊಳ್ಳಿ!" ಎಂದು ನಾನೂ ಕೂಗಿದೆ, ಮತ್ತು ಓಡಿದೆ.